ಬಚ್ಚಲಿಗೆ ಬಂದ ಓತಿಕ್ಯಾತ

೧೯೨೩ನೆಯ ಇಸವಿ ಇದ್ದೀತು. ಒಂದು ವರ್ಷ ಹೆಚ್ಚುಕಮ್ಮಿ ಆಗಿರಬಹುದು. ಆದರೆ ಪ್ಲೇಗಿಗೆ ಹೆದರಿ ನಾವು ಎರಡನೆಯ ಸಲ ಧಾರವಾಡದ ಮನೆ ಬಿಟ್ಟು, ಕೆಲಗೇರಿ ಕೆರೆಯ ಆಚೆ ಪರಿಚಯದವರ ಹೊಲದಲ್ಲಿ ಜೋಪಡಿ ಹಾಕಿಕೊಂಡಿದ್ದು, ಸಂಕ್ರಾಂತಿ ಮುಗಿದ ಮೇಲೆ ಮರಳಿ ಬಂದ ವರ್ಷ ಅದು. ನನಗಾಗ ಹದಿನೇಳೋ ಹದಿನೆಂಟೋ. ಆ ವಯಸ್ಸಿನಲ್ಲಿ ಹುಡುಗಿಯರಿಗೆ ಏನೇನೋ ಆಸೆಗಳಿರುತ್ತವಂತೆ. ನನಗಿದ್ದದ್ದು ಒಂದೇ ಆಸೆ. ಯಾರೂ ಕರೆಯದ ಒಂದು ಮಧ್ಯಾಹ್ನ ಬೇಕು, ಕಾಲು ಚಾಚಿ ಮಲಗಬೇಕು.

ಈಗಿನವರಿಗೆ ಪ್ಲೇಗು ಎಂದರೆ ಅಜ್ಜಿಯ ಕಥೆ. ಆಗ ಓಣಿಯಲ್ಲಿ ಯಾರದಾದರೂ ಮನೆಯಲ್ಲಿ ‘ಇಲಿ ಸತ್ತು ಬಿತ್ತು’ ಎಂದು ಕೇಳಿದರೆ ಒಲೆಯ ಮೇಲಿನ ಅನ್ನ ಬೇಯುವವರೆಗೂ ನಿಲ್ಲದೆ ಗಂಟು ಕಟ್ಟಬೇಕಿತ್ತು. ದೇವರ ಪೆಟ್ಟಿಗೆ, ಉಪ್ಪಿನಕಾಯಿ ಭರಣಿ, ಹಾಸಿಗೆ, ಹಿಟ್ಟು, ಕಟ್ಟಿಗೆ, ಆಕಳು, ಕರು. ಚಕ್ಕಡಿಯಲ್ಲಿ ಹಿಡಿಸಿದ್ದು ಚಕ್ಕಡಿಯಲ್ಲಿ, ಉಳಿದದ್ದು ಹೆಂಗಸರ ಸೊಂಟದ ಮೇಲೆ. ಹೊಲದಲ್ಲಿ ನಾಲ್ಕು ಬಿದಿರು ನೆಟ್ಟು, ಸುತ್ತ ತಟ್ಟಿ ಕಟ್ಟಿ, ಮೇಲೆ ಜೋಳದ ಕಣಿಕೆ ಹೊದಿಸಿದರೆ ಅದೇ ಮನೆ. ಕರಿಮಣ್ಣಿನ ಹೊಲ, ಮಳೆ ಬಂತೆಂದರೆ ನೀರು ತರಲು ಹೋದವಳು ಕಾಲಿಗೆ ಅಂಟಿದ ಮಣ್ಣನ್ನೂ ಹೊತ್ತು ತರಬೇಕು.

ಹೆರಿಗೆಗೆಂದು ತವರಿಗೆ ಬಂದಿದ್ದ ನನ್ನ ನಾದಿನಿ ಅಂಬಕ್ಕ, ನಾವು ಮೊದಲನೆಯ ಸಲ ಹೊಲಕ್ಕೆ ಹೋದಾಗ, ಜೋಪಡಿಯಲ್ಲಿಯೇ ಹೆತ್ತಿದ್ದಳು. ಭಾದ್ರಪದದ ಮಳೆ. ಕಣಿಕೆ ಸೋರಿ ಸೋರಿ, ಬಾಣಂತಿಯ ಹೊರಸನ್ನು ದಿನಕ್ಕೊಂದು ಮೂಲೆಗೆ ಸರಿಸುತ್ತಿದ್ದೆವು. ಒಣಗಿದ ಮೂಲೆ ಎಂಬುದೇ ಇರಲಿಲ್ಲ. ಕೂಸಿಗೆ ಥಂಡಿ ಹತ್ತಿತು. ಪಕ್ಕದ ಜೋಪಡಿಯ ಗಂಗವ್ವ ಮಡಕೆಯ ಚೂರಿನಲ್ಲಿ ಕೆಂಡ ತಂದು ಕೊಟ್ಟಳು, ಅಜವಾನದ ಹೊಗೆ ಹಾಕಿದೆವು, ಏನೂ ನಡೆಯಲಿಲ್ಲ. ತೊಟ್ಟಿಲು ಹಾಕಿ ಹೆಸರಿಡುವ ಮೊದಲೇ ಅದು ಹೋಯಿತು. ನಮ್ಮ ಅತ್ತೆಯವರೇ ಅದನ್ನು ಬಟ್ಟೆಯಲ್ಲಿ ಸುತ್ತಿ ಮಾವನವರ ಕೈಗೆ ಕೊಟ್ಟರು. ಆಮೇಲೆ ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಎರಡನೆಯ ಸಲ ಹೊಲಕ್ಕೆ ಹೋದಾಗ ಅಂಬಕ್ಕ ಮತ್ತೆ ಬಸುರಿ. ಈ ಸಲವಾದರೂ ಹೆಂಚಿನ ಕೆಳಗೆ ಹೆರಲಿ ಎಂದು ಅತ್ತೆಯವರು ಹರಕೆ ಹೊರದ ದೇವರಿಲ್ಲ. ಊರಿನ ಬೇನೆ ಇಳಿಯಿತು. ತುಂಬು ಹೊಟ್ಟೆಯ ಅಂಬಕ್ಕನನ್ನು ಚಕ್ಕಡಿಯಲ್ಲಿ ಹುಲ್ಲು ಹಾಸಿ ಕೂಡಿಸಿಕೊಂಡು ಮನೆಗೆ ಬಂದೆವು. ಬಂದು ಹದಿನೈದು ದಿನ ಆಗಿರಲಿಕ್ಕಿಲ್ಲ, ಹಿತ್ತಲ ಕಡೆಯ ಬೆಚ್ಚನೆಯ ಕೋಣೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಅದರ ಗಂಟಲು ಎಷ್ಟು ದೊಡ್ಡದಿತ್ತೆಂದರೆ, ಅತ್ತಾಗಲೆಲ್ಲ ಅತ್ತೆಯವರು ಅಡುಗೆಮನೆಯಲ್ಲಿ ನಗುತ್ತಿದ್ದರು.

ನಾಲ್ಕೈದು ತಿಂಗಳು ಬೀಗ ಬಿದ್ದ ಮನೆ. ನಾವು ಬಿಟ್ಟುಹೋದದ್ದನ್ನು ಉಳಿದ ಜೀವಗಳು ಹಿಡಿದುಕೊಂಡಿದ್ದವು. ಹಿತ್ತಲಲ್ಲಿ ಸೊಂಟದೆತ್ತರ ಹುಲ್ಲು. ಬೇಲಿಯ ದಾಸವಾಳದ ಮೇಲೆ ಓತಿಕ್ಯಾತಗಳು ಕುಳಿತು, ಬಂದಿರಾ ಬನ್ನಿ ಎನ್ನುವಂತೆ ತಲೆ ಕುಣಿಸುತ್ತಿದ್ದವು. ತುಳಸಿಕಟ್ಟೆಯ ಬಿರುಕಿನಲ್ಲಿ ಹಾವರಾಣಿ, ಪೇರಲ ಗಿಡದ ತುಂಬ ಅಳಿಲು, ಅರಿವೆ ಒಗೆಯುವ ಕಲ್ಲಿನ ಕೆಳಗೆ ಕಪ್ಪೆಗಳ ಸಂಸಾರ. ಅಡುಗೆಮನೆಯ ಜಂತಿಯ ಮೇಲೆ ಹಲ್ಲಿಗಳು ಎಷ್ಟು ನಿಶ್ಚಿಂತೆಯಿಂದ ಓಡಾಡುತ್ತಿದ್ದವೆಂದರೆ, ನಾವೇ ಬಾಡಿಗೆಗೆ ಬಂದವರಂತೆ ಅನ್ನಿಸುತ್ತಿತ್ತು. ಎಲ್ಲವನ್ನೂ ಹೊರಗೆ ಹಾಕಬೇಕೆಂದು ಅತ್ತೆಯವರ ಅಪ್ಪಣೆಯಾಯಿತು. ಹೊರಗೆ ಹಾಕುವವಳು ನಾನು. ಹುಲ್ಲು ಕಿತ್ತು, ಸೆಗಣಿ ಸಾರಿಸಿ, ಸುಣ್ಣ ಬಳಿದು, ಬಾಣಂತಿಗೆ ನೀರು ಕಾಯಿಸಿ, ಎಂಟು ಜನರ ಅಡುಗೆ ಮಾಡಿ, ಹೊರಗೆ ಹಾಕಿದ ಹಲ್ಲಿ ಮತ್ತೆ ಒಳಗೆ ಬಂದರೆ ನೋಡಿಯೂ ನೋಡದಂತೆ ಇರುತ್ತಿದ್ದೆ. ಇರಲಿ ಬಿಡು, ಅದಕ್ಕಾದರೂ ಮನೆ ಇರಲಿ.

ಅತ್ತೆಯವರ ಶಕುನದ ಬಗ್ಗೆ ಹೇಳಲೇಬೇಕು. ಬೆಕ್ಕು, ಸೀನು, ಒಂಟಿ ಹಾರುವ, ಬರಿಗೊಡ, ಎಡಗಣ್ಣು, ಎಲ್ಲಕ್ಕೂ ಅವರಲ್ಲಿ ಲೆಕ್ಕವಿತ್ತು. ಹಲ್ಲಿ ಲೊಚಗುಟ್ಟಿದರೆ ನೆಲ ಬಡಿದು ಕೃಷ್ಣ ಕೃಷ್ಣ ಎನ್ನುವರು. ಹಲ್ಲಿ ಮೈಮೇಲೆ ಬಿದ್ದರೆ ಯಾವ ಅಂಗಕ್ಕೆ ಯಾವ ಫಲ ಎಂದು ಪಂಚಾಂಗ ನೋಡದೆ ಹೇಳುವರು. ಒಮ್ಮೆ ಹುಬ್ಬಳ್ಳಿಯ ಮದುವೆಗೆ ಹೊರಟು, ಹೊಸ್ತಿಲಲ್ಲಿ ಹಲ್ಲಿ ನುಡಿಯಿತೆಂದು ರೈಲು ತಪ್ಪಿಸಿದ್ದರು. ಸಾಲಿ ಮಾಸ್ತರರಾಗಿದ್ದ ಮಾವನವರು ಅಂಗಿ ತೊಡುವಾಗಲೆಲ್ಲ, “ನಿನ್ನ ಹಲ್ಲಿದ ಪರವಾನಗಿ ಆತೇನು? ಇನ್ನ ನಾ ಸಾಲಿಗೆ ಹೋಗ್ಲ್ಯಾ?” ಎಂದು ಕೇಳುತ್ತಿದ್ದರು. ಅತ್ತೆಯವರು ನಗುತ್ತಿರಲಿಲ್ಲ.

ಎಲ್ಲ ಶಕುನಗಳಿಗಿಂತ ದೊಡ್ಡದು ಉಡ. ಉಡ ಹಿತ್ತಲಲ್ಲಿ ಹಾದುಹೋದರೆ ಚಿಂತೆಯಿಲ್ಲ. ಮನೆಯೊಳಗೆ ಹೊಕ್ಕಿತೋ, ಆ ಮನೆ ಬಿಡಬೇಕು. ಮೂರು ತಿಂಗಳೆಂದು ಕೆಲವರು, ಆರು ತಿಂಗಳೆಂದು ಕೆಲವರು. ಬಾಗಿಲಿಗೆ ಮುಳ್ಳು ಬಡಿದು ಹೋಗಿ, ಶಾಂತಿ ಮಾಡಿಸಿ, ಮುಹೂರ್ತ ನೋಡಿ ಮರಳಿ ಹೊಗಬೇಕು. ಬಿಡದಿದ್ದರೆ ಮನೆಯಲ್ಲಿ ಒಂದು ಜೀವ ಹೋಗುತ್ತದೆ ಎಂದು ನಂಬಿಕೆ. ನಮ್ಮ ಓಣಿಯಲ್ಲೇ ಒಂದು ಮನೆಯವರು ಹಾಗೆ ಹೋಗಿ, ಮಕ್ಕಳು ಮರಿ ಕಟ್ಟಿಕೊಂಡು ಗುಡಿಯ ಪೌಳಿಯಲ್ಲಿ ಇದ್ದದ್ದನ್ನು ನಾನೇ ಕಂಡಿದ್ದೆ. ಅವರಿಗೆ ಮೊದಲು ಮನೆ ಬಿಡಿ ಎಂದವರು ನಮ್ಮ ಅತ್ತೆಯವರೇ.

ನಾಳೆ ತೊಟ್ಟಿಲು ಎನ್ನುವ ದಿನ. ಊಟ ಮುಗಿದಿತ್ತು. ಮಾವನವರೂ ನಮ್ಮ ಮನೆಯವರೂ ಕೆಲಸಕ್ಕೆ ಹೋಗಿದ್ದರು. ನಾನು ಹಿತ್ತಲಲ್ಲಿ ಕುಳಿತು ತೊಟ್ಟಿಲಿನ ಊಟಕ್ಕೆಂದು ಅಟ್ಟದಿಂದ ಇಳಿಸಿದ ದೊಡ್ಡ ಪಾತ್ರೆಗಳನ್ನು ಬೂದಿ, ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆ. ಪೌಳಿ ಗೋಡೆಯ ಮೇಲೆ ಒಂದು ಕಟ್ಟಿಗೆ ಬಿದ್ದ ಹಾಗೆ ಕಂಡಿತು. ಕಟ್ಟಿಗೆ ಯಾರು ಇಟ್ಟರು ಎಂದು ನೋಡುವಷ್ಟರಲ್ಲಿ ಅದು ತಲೆ ಎತ್ತಿತು. ಮೊಳಕ್ಕಿಂತ ಉದ್ದ, ಮಣ್ಣಿನ ಬಣ್ಣ, ಹಾವಿನಂಥ ಸೀಳು ನಾಲಗೆ. ಗೋಡೆ ಇಳಿದು, ನನ್ನ ಮುಂದೆಯೇ ಅಂಗಳ ದಾಟಿ, ಬಚ್ಚಲ ನೀರು ಹೊರಗೆ ಹೋಗುವ ಕಿಂಡಿಯಲ್ಲಿ ತಲೆ ಹಾಕಿತು. ಹಿಂದಿನಿಂದ ಬಾಲ ಎಳೆದುಕೊಂಡು ಒಳಗೆ ಹೋಗಿಬಿಟ್ಟಿತು. ಓಡಲೂ ಇಲ್ಲ, ಬೆದರಲೂ ಇಲ್ಲ.

ನಾನು ಕಿರುಚಲಿಲ್ಲ. ಕೈಯಲ್ಲಿ ಬೂದಿ ಹಿಡಿದುಕೊಂಡೇ ಎದ್ದು ಬಚ್ಚಲಮನೆಗೆ ಹೋದೆ. ನೀರು ಕಾಯಿಸುವ ಹಂಡೆಗೂ ಗೋಡೆಗೂ ನಡುವೆ ಕಟ್ಟಿಗೆ ಒಟ್ಟುವ ಸಂದಿಯಿತ್ತು. ಅಲ್ಲಿ ಹೊಕ್ಕು ಹೊಟ್ಟೆ ಉಬ್ಬಿಸಿ ಕುಳಿತಿತ್ತು. ಕಸಬರಿಗೆಯ ಹಿಡಿಯಿಂದ ದಬ್ಬಿದೆ. ಉಡದ ಪಟ್ಟು ಎಂದು ಗಾದೆಯಲ್ಲಿ ಕೇಳಿದ್ದೆ, ಆಗ ಕಣ್ಣಾರೆ ಕಂಡೆ. ಗೋಡೆಯಾದರೂ ಅಲುಗಬೇಕು, ಅದು ಅಲುಗಲಿಲ್ಲ. ಬಚ್ಚಲಿಗೆ ಹತ್ತಿಕೊಂಡೇ ಬಾಣಂತಿಯ ಕೋಣೆ. ಅಲ್ಲಿ ಕೂಸು ಬಿಕ್ಕಳಿಸುತ್ತಿತ್ತು. ನನಗೆ ಶಕುನದ ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಆದರೆ ಅದಕ್ಕಿಂತ ಮೊದಲು ಕಣ್ಣ ಮುಂದೆ ಬಂದದ್ದು ಚಕ್ಕಡಿ, ಗಂಟು, ಕರಿಮಣ್ಣು, ಸೋರುವ ಕಣಿಕೆ. ಮತ್ತೆ ಅದೇ. ಕಣ್ಣಲ್ಲಿ ನೀರು ಬಂತು.

ಹಿಂದೆ ಬಳೆಯ ಸದ್ದಾಯಿತು. ಅತ್ತೆಯವರು ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ನೋಡಿದರು, ಸಂದಿಯನ್ನು ನೋಡಿದರು. ಅದೂ ಅವರನ್ನು ನೋಡಿ ನಾಲಗೆ ಚಾಚಿತು. ಅವರ ಮುಖ ಸುಣ್ಣ ಬಳಿದ ಹಾಗಾಯಿತು. ಇನ್ನು ಮುಗಿಯಿತು, ಈಗ ಗಂಟು ಕಟ್ಟು ಅನ್ನುತ್ತಾರೆ ಎಂದುಕೊಂಡೆ.

“ಏನ ನೋಡ್ಲಿಕತ್ತೀ?” ಎಂದರು ಅತ್ತೆಯವರು. “ಓತಿಕ್ಯಾತ ಅದು. ಓತಿಕ್ಯಾತ ಎಂದೂ ಕಂಡಿಲ್ಲೇನು?”

ಬೇಲಿಯ ಮೇಲೆ ತಲೆ ಕುಣಿಸುವ ಓತಿಕ್ಯಾತ ಗೇಣುದ್ದ ಇರುತ್ತದೆ, ಬಾಲ ಹಿಡಿದರೆ ಕೂಸೂ ಎತ್ತಬಹುದು. ಇದು ಬಾಯಿ ತೆರೆದರೆ ಕೂಸಿನ ಕೈ ಹಿಡಿಸುವಂತಿತ್ತು.

“ಕಂಡೀನ್ರಿ,” ಎಂದೆ.

“ತುಸು ದೊಡ್ಡದದ ಅಷ್ಟ.”

“ಹೌದ್ರಿ ಅತ್ತಿಯವರ. ತುಸು ದೊಡ್ಡದದ.”

ಒಳಗಿನಿಂದ ಅಂಬಕ್ಕ ಕೂಗಿದಳು. “ಅವ್ವಾ, ಬಚ್ಚಲದಾಗ ಏನದು? ಹಾವೇನು?”

“ಓತಿಕ್ಯಾತವಾ. ಕೂಸಿಗೆ ಹಾಲು ಕೊಟ್ಟು ಮಲಕೋ ನೀ,” ಎಂದರು ಅತ್ತೆಯವರು. ದನಿ ನಡುಗಲಿಲ್ಲ. ಹೇಳುತ್ತಲೇ ಬಾಣಂತಿಯ ಕೋಣೆಯ ಪರದೆ ಎಳೆದು ಬಂದರು.

ಅದೇ ಹೊತ್ತಿಗೆ ಬರಬಾರದೇ ಗಂಗವ್ವ! ನಮ್ಮ ಹಿತ್ತಲಿಗೆ ಹತ್ತಿದ ಮನೆ ಅವಳದು. ಗಂಡನದು ಹತ್ತಿ ವ್ಯಾಪಾರ. ಮನಸ್ಸು ಬೆಣ್ಣೆ, ಬಾಯಿ ಡಂಗುರ. ಬೆಳಿಗ್ಗೆ ಅವಳ ಕಿವಿಗೆ ಬಿದ್ದ ಮಾತು ಮಧ್ಯಾಹ್ನದೊಳಗೆ ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಅವಳ ತವರಿನವರಿಗೂ ಗೊತ್ತಾಗಿರುತ್ತದೆ ಎಂದು ಮಾವನವರು ಚೇಷ್ಟೆ ಮಾಡುತ್ತಿದ್ದರು. ಅವಳು ಹಿತ್ತಲ ಬಾಗಿಲಿನಿಂದ ಸಬ್ಬಸಿಗೆಯ ಕಟ್ಟು ಹಿಡಿದು ಸೀದಾ ಬಚ್ಚಲ ತನಕ ಬಂದಳು.

“ಬಾಯಾರ, ಸಬ್ಬಸಗಿ ತಂದೇನ್ರಿ. ಬಾಣಂತಿಗಿ ಹಾಲು ಛಲೋ ಬರ್ತಾವು.”

ಅತ್ತೆಯವರು ಬಾಗಿಲಿಗೆ ಅಡ್ಡ ನಿಂತು ಸೆರಗು ಅಗಲ ಮಾಡಿದರು. “ಅಲ್ಲೇ ಕಟ್ಟಿ ಮ್ಯಾಲೆ ಇಡು ಗಂಗವ್ವ. ನಾ ಮಡಿ ಉಟ್ಕೊಳ್ಳಲಿಕ್ಕೆ ಹೊಂಟೀನಿ.”

“ಉಂಡ ಮ್ಯಾಲ ಎಂಥಾ ಮಡಿರಿ?” ಎಂದು ಗಂಗವ್ವ ನಕ್ಕಳು. ಆಗಲೇ ಸಂದಿಯಿಂದ ಬುಸ್ಸೆಂದು ಉಸಿರು ಬಿಟ್ಟ ಸದ್ದು ಬಂತು. ಗಂಗವ್ವನ ನಗೆ ನಿಂತಿತು. ಅತ್ತೆಯವರ ಭುಜದ ಮೇಲಿಂದ ಕತ್ತು ಚಾಚಿ ನೋಡಿದಳು. ಮುಚ್ಚಿಡಲು ಏನೂ ಉಳಿಯಲಿಲ್ಲ, ಬಾಲ ಪೂರ್ತಿ ಹೊರಗಿತ್ತು.

ಅವಳು ಉಡ ಎಂದು ಒಂದು ಮಾತು ಆಡಿದರೆ ದೀಪ ಹಚ್ಚುವುದರೊಳಗೆ ಓಣಿಗೆಲ್ಲ ಗೊತ್ತು. ನಾಳೆ ತೊಟ್ಟಿಲಿಗೆ ಬರುವ ಆಚಾರ್ಯರು ಹೊಸ್ತಿಲು ತುಳಿಯುವುದಿಲ್ಲ. ಹುಬ್ಬಳ್ಳಿಯಿಂದ ಬರುವ ಅಂಬಕ್ಕನ ಅತ್ತೆಮನೆಯವರು ಎಂದು ಮನೆ ಬಿಡುತ್ತೀರಿ ಎಂದೇ ಕೇಳುತ್ತಾರೆ. ಮಾವನವರು ಹಲ್ಲಿಗೆ ನಕ್ಕಾರು, ಊರ ಬಾಯಿಗೆ ನಗಲಾರರು. ಹನ್ನೆರಡು ದಿನದ ಕೂಸನ್ನು ಮತ್ತೆ ಹೊರಗೆ ಒಯ್ಯಬೇಕು. ನಾನು ಗಂಗವ್ವನ ಬಾಯಿಯನ್ನೇ ನೋಡುತ್ತ ನಿಂತೆ. ಅಷ್ಟು ಕಣ್ಣಿಟ್ಟು ನಾನು ಯಾವ ದೇವರ ಮುಖವನ್ನೂ ನೋಡಿಲ್ಲ.

ಗಂಗವ್ವ ಬಾಲ ನೋಡಿದಳು, ಅತ್ತೆಯವರನ್ನು ನೋಡಿದಳು, ಬಾಣಂತಿಯ ಕೋಣೆಯ ಪರದೆಯ ಕಡೆ ನೋಡಿದಳು. ಅಲ್ಲಿ ಅಂಬಕ್ಕ ಕೂಸಿಗೆ ಏನೋ ಹಾಡಿಕೊಳ್ಳುತ್ತಿದ್ದಳು.

“ಏನ್ ಗಂಗವ್ವ, ಹಂಗ್ಯಾಕ ನೋಡ್ತಿ?” ಎಂದರು ಅತ್ತೆಯವರು. “ಓತಿಕ್ಯಾತ ಅದು.”

“ಹೌದಲ್ರಿ ಮತ್ತ,” ಎಂದಳು. “ಓತಿಕ್ಯಾತಕ್ಕ ಬೇಲಿಗೂಟ ಸಾಕ್ಷಿ ಅಂತಾರು. ಬೇಲಿಗೂಟದಂಗ ನಾ ನಿಂತೇನಲ್ರಿ ಬಾಯಾರ, ಯಾರರ ಕೇಳಿದ್ರ ನನ್ನ ಹೆಸರು ಹೇಳ್ರಿ.”

ಅತ್ತೆಯವರು ಅವಳ ಕೈಯಿಂದ ಸಬ್ಬಸಿಗೆಯ ಕಟ್ಟು ತೆಗೆದುಕೊಂಡರು. ಮೈಲಿಗೆ, ಮುಟ್ಟು ಚಟ್ಟು ಯಾವುದೂ ನೆನಪಾಗಲಿಲ್ಲ. ಕಟ್ಟಿನ ಜೊತೆ ಅವಳ ಬೆರಳನ್ನೂ ಹಿಡಿದುಕೊಂಡು ತುಸು ಹೊತ್ತು ನಿಂತಿದ್ದರು.

ಆಮೇಲೆ ಸಂದಿಯ ಕಡೆ ತಿರುಗಿ ಕೈ ಮುಗಿದರು. “ನೋಡಪಾ, ಬಾಣಂತಿ ಮನಿ ಇದು. ಬಂದಿ, ತಂಪಿನ್ಯಾಗ ಕೂತಿ, ಆತು. ಬಂದ ದಾರಿ ಹಿಡಕೊಂಡು ಹೋಗಪಾ.” ಬಚ್ಚಲ ಒಳಬಾಗಿಲು ಹಾಕಿದೆವು. ಕಿಂಡಿಯ ಕಡೆ ಏನೂ ಅಡ್ಡ ಇಲ್ಲದಂತೆ ಕೊಡ ತಂಬಿಗೆ ಎತ್ತಿಟ್ಟೆವು. ಮೂವರೂ ಹಿತ್ತಲಲ್ಲಿ ಒಗೆಯುವ ಕಲ್ಲಿನ ಹತ್ತಿರ ಬಂದು ಕುಳಿತೆವು. ಮಾಡುವ ಕೆಲಸ ರಾಶಿ ಬಿದ್ದಿತ್ತು. ಯಾರೂ ಏಳಲಿಲ್ಲ. ತಿಕ್ಕಿದ ಪಾತ್ರೆಯ ಮೇಲೆ ಬೂದಿ ಒಣಗುತ್ತಿತ್ತು.

ಆ ಮನೆಗೆ ಬಂದಾಗಿನಿಂದ ಅತ್ತೆಯವರು ಹಗಲು ಹೊತ್ತು ಸುಮ್ಮನೆ ಕುಳಿತದ್ದನ್ನು ನಾನು ಕಂಡಿರಲಿಲ್ಲ. ಪೇರಲ ಗಿಡಕ್ಕೆ ಒರಗಿ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಬಾಯಿ ತೆರೆಯಿತು, ಗೊರಕೆ ಬಂತು. ಗಂಗವ್ವ ನನ್ನ ಕಿವಿಯ ಹತ್ತಿರ ಬಾಗಿದಳು.

“ನಮ್ಮ ಅಡಿಗಿಮನ್ಯಾಗೂ ಬಂದಿತ್ತವಾ, ನಾವು ಹೊಲದಿಂದ ಬಂದ ಹೊಸ್ತಾಗಿ. ನಮ್ಮತ್ತಿ, ನಾ ಏನೂ ನೋಡಿಲ್ಲ ಅಂದ್ಳು. ಮನಿಯವರು, ನನಗ ಕಣ್ಣು ಮಂಜ ಅಂದ್ರು. ನಾನೂ ನೋಡ್ಲಿಲ್ಲ. ರೊಟ್ಟಿ ಬಡದು ಉಂಡು ಮಕ್ಕೊಂಡ್ವಿ.”

ನನಗೆ ನಗು ಬಂತು, ಅಳುವೂ ಬಂತು. ಯಾವುದನ್ನೂ ಜೋರಾಗಿ ಮಾಡುವಂತಿರಲಿಲ್ಲ. ಓಣಿಯ ಇನ್ನೂ ಎಷ್ಟು ಮನೆಗಳಲ್ಲಿ ಯಾರಾರು ಏನೇನು ನೋಡಿಲ್ಲವೋ ಎಂದುಕೊಂಡೆ. ಎಲ್ಲರೂ ಅಷ್ಟು ದಣಿದಿದ್ದೆವು.

ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಕಿಂಡಿಯಲ್ಲಿ ತಲೆ ಕಾಣಿಸಿತು. ಅದು ನಿಧಾನವಾಗಿ ಹೊರಗೆ ಬಂದು, ಪಾತ್ರೆ ತೊಳೆದ ನೀರು ನಿಂತಲ್ಲಿ ನಾಲಗೆ ಆಡಿಸಿ, ನಮ್ಮ ಮೂವರನ್ನೂ ಲೆಕ್ಕಕ್ಕೆ ಹಿಡಿಯದೆ ಗೋಡೆ ಹತ್ತಿ ಆಚೆ ಇಳಿಯಿತು. ನಾನು ಅತ್ತೆಯವರ ಮೊಣಕಾಲು ಮುಟ್ಟಿದೆ.

“ಹೋತ್ರಿ.”

“ಯಾವುದು?”

“ಓತಿಕ್ಯಾತ.”

“ಹೋಗ್ಲಿ,” ಎಂದು ಎದ್ದರು. “ಪಾತ್ರಿ ಹಂಗ ಒಣಗ್ಯಾವಲ್ಲ, ತಿಕ್ಕು ಲಗೂನ.”

ಸಂಜೆ ಮಾವನವರು ಬಂದು, ಬಚ್ಚಲ ಒಲೆ ಯಾಕೆ ಹೊತ್ತಿಲ್ಲ ಎಂದು ಕೇಳಿದರು. ಕಟ್ಟಿಗೆ ಹಸಿಯಿದ್ದವು ಎಂದರು ಅತ್ತೆಯವರು. “ಹಲ್ಲಿ ಬ್ಯಾಡ ಅಂತೇನು?” ಎಂದು ಮಾವನವರು ಎಂದಿನಂತೆ ಚೇಷ್ಟೆ ಮಾಡಿದರು. ಅತ್ತೆಯವರು ಒಳಗೆ ಬಂದು ನನ್ನೆದುರು ಕುಳಿತು ಮರುದಿನದ ಹೂರಣಕ್ಕೆ ಕಡಲೆಬೇಳೆ ಆರಿಸತೊಡಗಿದರು. ಬೇಳೆಯ ಮೇಲಿನ ಕಣ್ಣು ತೆಗೆಯದೆ ಹೇಳಿದರು:

“ಅದು ಏನು ಅಂತ ನನಗ ಗೊತ್ತದ. ಅದರ ಫಲಾನೂ ಗೊತ್ತದ. ಆದ್ರ ಆ ಹೊಲಕ್ಕ ಇನ್ನೊಂದು ಕೂಸಿನ್ನ ಒಯ್ಯೋದು ನನ್ನ ಕೈಲೆ ಆಗೂದಿಲ್ಲವಾ. ಕೇಡು ಬರೋದಿದ್ರ ನನಗ ಬರ್ಲಿ ಅಂತ ದೇವರ ಮುಂದ ಹೇಳಿ ಬಂದೀನಿ. ನೀ ಯಾರ ಮುಂದೂ ಬಾಯಿ ಬಿಡಬ್ಯಾಡ.”

ಮರುದಿನ ತೊಟ್ಟಿಲು ಆಯಿತು. ಕೂಸಿಗೆ ಸುಮಿತ್ರಾ ಎಂದು ಹೆಸರಿಟ್ಟರು. ಹೆಸರು ಕೂಗಿದಾಗ ಎಲ್ಲರಿಗಿಂತ ಗಟ್ಟಿಯಾಗಿ ಗಂಗವ್ವನ ದನಿ ಕೇಳಿಸಿತು.

ಸಂಗತಿ ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ದೇವರ ಮುಂದೆ ತಾವು ಅಂದದ್ದನ್ನು ಅತ್ತೆಯವರು ಮರೆಯಲಿಲ್ಲ. ಆ ವರ್ಷ ಅವರಿಗೆ ಚಳಿಜ್ವರ ಬಂದಾಗ ಔಷಧ ಬೇಡವೆಂದರು, ಒಂದು ರೀತಿಯ ಸಮಾಧಾನದಿಂದ ಗೋಡೆಗೆ ಮುಖ ಮಾಡಿ ಮಲಗಿದರು. ಜ್ವರ ಬಿಟ್ಟಿತು. ಅವರಿಗೆ ಖುಷಿಯಾಗಲಿಲ್ಲ. ಮುಂದಿನ ವರ್ಷ ಜಾರಿ ಬಿದ್ದು ಕೈ ಮುರಿಯಿತು, ಅದೂ ಕೂಡಿತು. ಅಂಬಕ್ಕ ಮಗಳನ್ನು ಕರೆದುಕೊಂಡು ತವರಿಗೆ ಬಂದಾಗ, ಸುಮಿತ್ರಾ ಕೆಮ್ಮಿದರೆ ಮಾತ್ರ ಅವರ ಜೀವ ಹೋದಂತಾಗುತ್ತಿತ್ತು. ತನಗೆ ಬರಬೇಕಾದದ್ದು ದಾರಿ ತಪ್ಪಿ ಅವಳ ಕಡೆ ಹೋಯಿತೇನೋ ಎಂದು ರಾತ್ರಿಯೆಲ್ಲ ಅವಳ ಎದೆ ಮುಟ್ಟಿ ನೋಡುವರು. ಬರುವುದು ಬಂದುಹೋಗಲಿ ಎಂದು ಒಬ್ಬರು ವರ್ಷಗಟ್ಟಲೆ ಬಾಗಿಲು ಕಾಯುವುದನ್ನು ನೋಡುವುದು ಬಹಳ ದಣಿವಿನ ಕೆಲಸ. ಕಾಯುವವರ ದಣಿವು ಎಂಥದೋ ನನಗೆ ಗೊತ್ತಿಲ್ಲ. ಉಡ ಎಂಬ ಶಬ್ದವನ್ನು ಅವರು ಮತ್ತೆ ಆಡಲಿಲ್ಲ, ನಾನೂ ಆಡಲಿಲ್ಲ.

ಅವರು ತೀರಿಕೊಂಡದ್ದು ನಲವತ್ನಾಲ್ಕರ ಸುಮಾರಿಗೆ. ಎಪ್ಪತ್ತು ದಾಟಿತ್ತು, ಮೈಯಲ್ಲಿ ಏನೂ ಉಳಿದಿರಲಿಲ್ಲ. ಹುಬ್ಬಳ್ಳಿಯ ಗಂಡನ ಮನೆಯಿಂದ ಸುಮಿತ್ರಾ ತನ್ನ ಕೂಸನ್ನು ಎತ್ತಿಕೊಂಡು ಬಂದಿದ್ದಳು. ಅಜ್ಜಿಯ ಬಾಯಿಗೆ ಚಮಚದಿಂದ ನೀರು ಬಿಟ್ಟು, ಕೂಸು ಅತ್ತಿತೆಂದು ಹೊರಗೆ ಹೋದಳು. ಅತ್ತೆಯವರು ಅವಳು ಹೋಗುವುದನ್ನು ನೋಡುತ್ತ ನನ್ನ ಕೈ ಹಿಡಿದು ಹತ್ತಿರ ಎಳೆದರು.

“ಇದು ಅದ ಇರಬೇಕು ನೋಡು.”

“ಯಾವುದ್ರಿ ಅತ್ತಿಯವರ?”

“ಆ ಉಡದ್ದು. ಎಷ್ಟು ತಡಾ ಮಾಡಿ ಬಂತು. ಆದ್ರ ನನಗ ಬಂತು ನೋಡು. ಛಲೋ ಆತು.”

ಅದು ಓತಿಕ್ಯಾತ ಅಲ್ಲೇನ್ರಿ ಎನ್ನಬೇಕೆಂದು ಬಾಯಿಯ ತನಕ ಬಂದಿತ್ತು. ಇದು ಬರೀ ಮುಪ್ಪು ಎನ್ನಬಹುದಿತ್ತು. ಅನ್ನಲಿಲ್ಲ. ಇಪ್ಪತ್ತು ವರ್ಷ ಹೊತ್ತದ್ದನ್ನು ಈಗ ಇಳಿಸಿ ಕುಳಿತವರಿಗೆ ಅದರಲ್ಲಿ ಏನೂ ಇರಲಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

“ಹೌದ್ರಿ,” ಎಂದೆ. “ನಿಮಗ ಬಂತು. ಹುಡುಗಿ ಪಾರಾದಳು.”

ಅವರು ನನ್ನ ಕೈ ಬಿಟ್ಟು ಕಣ್ಣು ಮುಚ್ಚಿದರು. ಅವತ್ತು ಪೇರಲ ಗಿಡಕ್ಕೆ ಒರಗಿ ಮಲಗಿದ್ದರಲ್ಲ, ಅದರ ನಂತರ ಅವರು ಅಷ್ಟು ನಿಶ್ಚಿಂತರಾಗಿ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಂಜೆಯ ಹೊತ್ತಿಗೆ ಹೋದರು.

ಈಗ ನನ್ನ ಮೊಮ್ಮಕ್ಕಳು ಶಕುನ ಎಂದರೆ ನಗುತ್ತಾರೆ. ನಗಲಿ, ನನಗೇನೂ ಬೇಸರವಿಲ್ಲ. ಅದು ಖರೆಯೋ ಸುಳ್ಳೋ ನನಗೂ ಬಗೆಹರಿದಿಲ್ಲ. 'ಅಜ್ಜೀ, ಉಡ ಬಂದರೆ ನಾವೂ ಮನೆ ಬಿಡುವುದಿಲ್ಲ, ಅದರಲ್ಲೇನು ದೊಡ್ಡದು?' ಎಂದು ಕೇಳುತ್ತಾರೆ. ನಂಬದವರು ಮನೆ ಬಿಡದಿದ್ದರೆ ದೊಡ್ಡದೇನೂ ಇಲ್ಲ. ನಮ್ಮ ಅತ್ತೆಯವರು ನಂಬಿದ್ದರು.